ರೈಟ್ ಸಹೋದರರ ಫೋಟೋನ ಬಟ್ಟೆ ಮೇಲೆ ಹಾಕಿಸಿ ಜಿಪ್ ಪೌಚ್ ಹೊಲಿದಿದ್ದು

ಅಣ್ಣನ ಮಗಳು ಏರೋನಾಟಿಕಲ್ ಎಂಜಿನಿಯರಿಂಗ್ ಸೇರಿದಾಗ ಅವಳಿಗೆ ಏನಾದ್ರೂ ಕೈಯಾರೆ ಮಾಡಿಕೊಡ್ಬೇಕು ಅನ್ನಿಸ್ತು, ನಂಗೆ ಚೆನ್ನಾಗಿ ಬರೋದು ಹೊಲಿಗೆ, ಹಾಗಾಗಿ ಪೆನ್ನು ಸ್ಕೇಲು ಕ್ಯಾಲ್ಕುಲೇಟರ್ ಎಲ್ಲಾ ಹಿಡಿಯೋ ಥರ ಒಂದು ಜಿಪ್ ಪೌಚ್ ಅಂತ ತೀರ್ಮಾನ ಆಯ್ತು. ಅದ್ರ ಮೇಲೆ ಯಾವ ಚಿತ್ರ ಅನ್ನೋದಕ್ಕೆ ತಲೆ ಕೆಡಿಸ್ಕೊಳೋ ಪ್ರಸಂಗನೇ ಬರ್ಲಿಲ್ಲ. 1903 ಡಿಸೆಂಬರ್ 17ರ ಫೋಟೋ, ರೈಟ್ ಸಹೋದರರ ವಿಮಾನ ಮೊದಲನೇ ಸಲ ಸರಿಯಾಗಿ ಹಾರಿದ್ದು.

ಈ ಫೋಟೋನ ನಾವೆಲ್ಲಾ ಸ್ಕೂಲ್ ಪುಸ್ತಕದಲ್ಲಿ ಸಣ್ಣದಾಗಿ, ಮಸಿ ಮಸಿಯಾಗಿ ನೋಡಿರ್ತೀವಿ, ಏನೋ ಎರಡು ರೆಕ್ಕೆ ಪಕ್ಕದಲ್ಲಿ ಒಬ್ಬ ನಿಂತಿದಾನೆ ಅಷ್ಟೇ ಅಂತ. ದೊಡ್ಡದು ಮಾಡಿ ನೋಡಿದ್ರೆನೇ ಅದ್ರಲ್ಲಿ ಎಷ್ಟು ತುಂಬ್ಕೊಂಡಿದೆ ಅಂತ ಗೊತ್ತಾಗೋದು. ಕೆಳಗಿನ ರೆಕ್ಕೆ ಮೇಲೆ ತಮ್ಮ ಆರ್ವಿಲ್ ಬೋರಲಾಗಿ ಮಲಗಿದಾನೆ. ಬಲಗಡೆ ಅಣ್ಣ ವಿಲ್ಬರ್, ರೆಕ್ಕೆ ಹಿಡ್ಕೊಂಡು ಜೊತೇಲೇ ಓಡಿ ಬಂದು ಈಗಷ್ಟೇ ಕೈ ಬಿಟ್ಟಿದಾನೆ, ಮೈ ಇನ್ನೂ ವಿಮಾನದ ಕಡೆಗೇ ತಿರುಗಿದೆ. ಕೆಳಗೆ ಮರಳಲ್ಲಿ ವಿಮಾನ ಓಡಿ ಬಂದ ಮರದ ಹಳಿ, 60 ಅಡಿ ಉದ್ದದ್ದು. ರೆಕ್ಕೆ ತುದಿ ಊರ್ಕೊಳಕ್ಕೆ ಇಟ್ಟಿದ್ದ ಒಂದು ಪುಟ್ಟ ಬೆಂಚು, ಎಂಜಿನ್ ಶುರು ಮಾಡಕ್ಕೆ ಬೇಕಾಗಿದ್ದ ಕಾಯಿಲ್ ಪೆಟ್ಟಿಗೆ, ಕೆಲಸದ ಸಾಮಾನುಗಳು, ಒದ್ದೆ ಮರಳಲ್ಲಿ ಜನ ಓಡಾಡಿದ ಹೆಜ್ಜೆ ಗುರುತು. ವಿಮಾನ ನೆಲದಿಂದ ಬರೀ ಎರಡು ಅಡಿ ಮೇಲಿದೆ ಅಷ್ಟೇ. ಆ ಎರಡು ಅಡಿ ಗ್ಯಾಪ್ ಇದ್ಯಲ್ಲ, ಅದನ್ನ ನೋಡ್ತಾ ಇದ್ರೆ ನಂಗೆ ಈಗ್ಲೂ ಮೈ ಜುಮ್ಮನ್ನುತ್ತೆ.

ಫೋಟೋ ತೆಗೆದೋರು ಜಾನ್ ಡ್ಯಾನಿಯಲ್ಸ್ ಅಂತ, ಆ ಕಡಲತೀರದಲ್ಲಿ ಮುಳುಗೋ ಹಡಗಿನೋರನ್ನ ಕಾಪಾಡೋ ಲೈಫ್ ಸೇವಿಂಗ್ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದೋರು. ಅಮೆರಿಕದ ನಾರ್ತ್ ಕೆರೊಲಿನಾದ ಕಿಟ್ಟಿ ಹಾಕ್ ಹತ್ರ ಕಿಲ್ ಡೆವಿಲ್ ಹಿಲ್ಸ್ ಅನ್ನೋ ಮರಳುದಿಬ್ಬದ ಜಾಗ ಅದು, ಚಳಿಗೆ ನೀರಿನ ಹೊಂಡಗಳೆಲ್ಲಾ ಹೆಪ್ಪುಗಟ್ಟಿದ್ವಂತೆ, ಗಾಳಿ ಬೇರೆ ಜೋರು. ಆರ್ವಿಲ್ ಮೊದಲೇ ಕ್ಯಾಮೆರಾನ ಸ್ಟ್ಯಾಂಡ್ ಮೇಲೆ ಕೂರಿಸಿ, ಹಳಿ ಮುಗಿಯೋ ಜಾಗಕ್ಕೆ ಗುರಿ ಇಟ್ಟು, ವಿಮಾನ ಇಲ್ಲಿಗೆ ಬಂದಾಗ ಈ ರಬ್ಬರ್ ಬಲ್ಬ್ ಒತ್ತು ಅಂತ ಡ್ಯಾನಿಯಲ್ಸ್ ಕೈಗೆ ಕೊಟ್ಟು ಹೋಗಿ ರೆಕ್ಕೆ ಮೇಲೆ ಮಲಗಿದ್ರು. ಬೆಳಗ್ಗೆ 10.35. ಹಾರಿದ್ದು 12 ಸೆಕೆಂಡು, 120 ಅಡಿ. ಫಿಲಂ ಅಲ್ಲ ಅದು, 5 ಇಂಚು 7 ಇಂಚಿನ ಗಾಜಿನ ಪ್ಲೇಟು, ಹಾಗಾಗಿ ಫೋಟೋ ಬಂದಿದ್ಯೋ ಇಲ್ವೋ ಅಂತ ಅಲ್ಲೇ ನೋಡೋ ಹಾಗಿಲ್ಲ, ಅಣ್ಣತಮ್ಮ ಇಬ್ರೂ ಒಹಾಯೋದ ಡೇಟನ್ನಿಗೆ ವಾಪಸ್ ಹೋಗಿ ಡೆವಲಪ್ ಮಾಡಿದ್ಮೇಲೆನೇ ಗೊತ್ತಾಗಿದ್ದು. ಡ್ಯಾನಿಯಲ್ಸ್ ಅದಕ್ಕೂ ಮುಂಚೆ ಕ್ಯಾಮೆರಾನೇ ಮುಟ್ಟಿರ್ಲಿಲ್ಲ ಅಂತಾರೆ. ಮುಟ್ಟದೇ ಇದ್ದೋರ ಕೈಲಿ ಇಂಥ ಫೋಟೋ ಬಂತು.

ಇದನ್ನ ಮಗ್ ಮೇಲೆ, ಟೀ ಶರ್ಟ್ ಮೇಲೆ, ಪೋಸ್ಟರ್ ಮೇಲೆ ಎಲ್ಲಾ ಕಡೆ ಹಾಕ್ತಾರೆ. ಆದ್ರೆ ನನ್ನ ಪ್ರಕಾರ ಇದು ಇರ್ಬೇಕಾಗಿದ್ದು ಹೊಲಿದ ಬಟ್ಟೆ ಮೇಲೆ. ಯಾಕಂದ್ರೆ ಆ ವಿಮಾನದ ರೆಕ್ಕೆನೇ ಹತ್ತಿ ಬಟ್ಟೆ. ಪ್ರೈಡ್ ಆಫ್ ದಿ ವೆಸ್ಟ್ ಅನ್ನೋ ಹೆಸರಲ್ಲಿ ಅಂಗಡೀಲಿ ಸಿಕ್ತಿದ್ದ ಮಸ್ಲಿನ್ನು, ಬ್ಲೀಚ್ ಮಾಡದೇ ಇರೋದು, ನಮ್ಮ ಕಡೆ ಕೋರಾ ಬಟ್ಟೆ ಅಂತೀವಲ್ಲ ಆ ಜಾತೀದು. ಅದನ್ನ ಕತ್ತರಿಸಿ ಹೊಲಿಗೆ ಮೆಷಿನ್ನಲ್ಲಿ ಹೊಲಿದು, ಒಳಗಿನ ಮರದ ಪಟ್ಟಿಗಳು ಕೂತ್ಕೊಳಕ್ಕೆ ಬಟ್ಟೇಲೇ ಉದ್ದುದ್ದ ಜೇಬು ಹೊಲಿದು, ಹೀಗೆ ಆಗಿದ್ದು ಆ ರೆಕ್ಕೆ. 40 ಅಡಿ 4 ಇಂಚು ಅಗಲದ ರೆಕ್ಕೆ, ಮೇಲೊಂದು ಕೆಳಗೊಂದು, ಅಷ್ಟಕ್ಕೂ ಬಟ್ಟೆ ಕತ್ತರಿಸಿ ಜೋಡಿಸೋದು ಅಂದ್ರೆ ಹೊಲಿಯೋರಿಗೆ ಮಾತ್ರ ಗೊತ್ತು ಅದು ಎಂಥ ಕೆಲಸ ಅಂತ. ಎಂಜಿನ್ನಿನ ಕಥೆ ಎಲ್ರೂ ಹೇಳ್ತಾರೆ, ಸೈಕಲ್ ಅಂಗಡಿ ಕಥೆ ಎಲ್ರೂ ಹೇಳ್ತಾರೆ, ಹೊಲಿಗೆ ಕಥೆ ಹೇಳೋರು ಕಮ್ಮಿ.

ಅದಕ್ಕಿಂತ ಮುಂಚಿನದ್ದು ಇನ್ನೂ ಚೆನ್ನಾಗಿದೆ. 1900ರಲ್ಲಿ ವಿಲ್ಬರ್ ಮೊದಲನೇ ಗ್ಲೈಡರ್, ಅಂದ್ರೆ ಎಂಜಿನ್ ಇಲ್ದೇ ಗಾಳೀಲಿ ತೇಲೋ ವಿಮಾನ, ಮಾಡಕ್ಕೆ ಕಿಟ್ಟಿ ಹಾಕ್‌ಗೆ ಹೋದಾಗ ರೆಕ್ಕೆಗೆ ಬೇಕಾದಷ್ಟು ಉದ್ದದ ಮರ ಸಿಗ್ಲಿಲ್ಲ, ರೆಕ್ಕೆ ಚಿಕ್ಕದು ಮಾಡ್ಬೇಕಾಯ್ತು, ಊರಿಂದ ಹೊಲ್ಕೊಂಡು ಬಂದಿದ್ದ ಬಟ್ಟೆ ಅಳತೆ ತಪ್ಪಿತು. ಆಗ ಅಲ್ಲಿ ಅವ್ರನ್ನ ಮನೇಲಿ ಇಟ್ಕೊಂಡಿದ್ದ ಟೇಟ್ ಅನ್ನೋರ ಹೆಂಡ್ತಿ ಆಡಿ ಟೇಟ್ ಅವ್ರ ಹೊಲಿಗೆ ಮೆಷಿನ್ ತಗೊಂಡು ವಿಲ್ಬರ್ ತಾವೇ ಕೂತು ಬಟ್ಟೆ ಕತ್ತರಿಸಿ ಮತ್ತೆ ಹೊಲಿದ್ರು. ಆ ಸೀಸನ್ ಮುಗಿದ್ಮೇಲೆ ಗ್ಲೈಡರ್‌ನ ಅಲ್ಲೇ ಬಿಟ್ಟು ಹೋದ್ರು, ಆಡಿ ಟೇಟ್ ಅದ್ರ ರೆಕ್ಕೆಯ ಸ್ಯಾಟೀನ್ ಬಟ್ಟೆ ಬಿಚ್ಕೊಂಡು ತಮ್ಮ ಇಬ್ರು ಹೆಣ್ಮಕ್ಕಳಿಗೆ ಫ್ರಾಕ್ ಹೊಲಿದ್ರು. ಹಾರಿದ ರೆಕ್ಕೆ ಬಟ್ಟೇಲಿ ಫ್ರಾಕ್! ಇದನ್ನ ಓದಿದ ದಿನಾನೇ ನಂಗೆ ಪೌಚ್ ಐಡಿಯಾ ಗಟ್ಟಿ ಆಗಿದ್ದು.

ಫೋಟೋ ಎಲ್ಲಿಂದ ಅಂದ್ರೆ, ಆ ಗಾಜಿನ ಪ್ಲೇಟು ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಆರ್ವಿಲ್ 1948ರಲ್ಲಿ ತೀರ್ಕೊಂಡ್ಮೇಲೆ ಅವ್ರ ಆಸ್ತಿ ನೋಡ್ಕೊಳ್ತಿದ್ದೋರು 1949ರಲ್ಲಿ ಸಹೋದರರ 303 ಗಾಜಿನ ನೆಗೆಟಿವ್‌ಗಳನ್ನ ಅಲ್ಲಿಗೆ ಕೊಟ್ರು. ಲೈಬ್ರರಿಯೋರು ಅದನ್ನ ಸ್ಕ್ಯಾನ್ ಮಾಡಿ ದೊಡ್ಡ ಟಿಫ್ ಫೈಲನ್ನೇ ಎಲ್ರಿಗೂ ಇಟ್ಟಿದಾರೆ, ಫ್ರೀ, ಕಾಪಿರೈಟ್ ತಕರಾರೂ ಇಲ್ಲ. ಯಾರೋ ಎಲ್ಲೋ ಹಾಕಿರೋ ಜೆಪೆಗ್ ತಗೊಂಡು ಪ್ರಿಂಟ್ ಹಾಕ್ಸೋಕೆ ಹೋಗ್ಬೇಡಿ, ಅದು ಮೊಬೈಲಲ್ಲಿ ಚೆನ್ನಾಗಿ ಕಾಣುತ್ತೆ ಬಟ್ಟೆ ಮೇಲೆ ಬಂದಾಗ ಚೌಕ ಚೌಕ ಆಗಿರುತ್ತೆ. ಬಟ್ಟೆಗೆ ಇಂಚಿಗೆ 150 ಡಾಟ್ ಇದ್ರೆ ಧಾರಾಳ ಸಾಕು, ಈ ಫೈಲಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇದೆ.

ಫೈಲ್ ತೆರೆದ್ರೆ ಪ್ಲೇಟಿನ ಗಾಯಗಳೂ ಕಾಣುತ್ತೆ. 1913 ಮಾರ್ಚಲ್ಲಿ ಡೇಟನ್ನಿಗೆ ಭಾರಿ ಪ್ರವಾಹ ಬಂತು, ರೈಟ್ ಮನೆಗೂ ನೀರು ನುಗ್ಗಿ ಈ ನೆಗೆಟಿವ್‌ಗಳು ದಿನಗಟ್ಲೆ ನೀರಲ್ಲಿ ನೆಂದ್ವು, 1903ರ ವಿಮಾನಾನೂ ಪೆಟ್ಟಿಗೇಲಿದ್ದಿದ್ದು ಕೆಸರಲ್ಲಿ ಮುಳುಗಿತ್ತು. ಎಷ್ಟೋ ಪ್ಲೇಟಲ್ಲಿ ಎಮಲ್ಷನ್, ಅಂದ್ರೆ ಚಿತ್ರ ಮೂಡಿರೋ ಲೇಪ, ಕಿತ್ತು ಬಂದಿದೆ, ಈ ಪ್ಲೇಟಲ್ಲಿ ಅಂಚಿನ ಹತ್ರ ಮಾತ್ರ ಹೋಗಿದೆ, ವಿಮಾನ ಉಳ್ಕೊಂಡಿದೆ. ಫೋಟೋಶಾಪಲ್ಲಿ ಅದನ್ನ ಮುಚ್ಚೋದು ಏನೂ ದೊಡ್ಡ ವಿಷಯ ಅಲ್ಲ, ಆದ್ರೆ ನಾನು ಮುಚ್ಚಿಲ್ಲ. ಆ ಪ್ಲೇಟು ಏನೇನು ದಾಟ್ಕೊಂಡು ಬಂದಿದೆ ಅನ್ನೋದು ಆ ಕಲೆಯಲ್ಲೇ ಇರೋದು, ಅದನ್ನ ಅಳಿಸಿ ನಿನ್ನೆ ತೆಗೆದ ಫೋಟೋ ಥರ ಮಾಡೋದಕ್ಕೆ ನಂಗೆ ಒಪ್ಪಲ್ಲ. ಬಣ್ಣ ತುಂಬೋದಂತೂ ಬೇಡವೇ ಬೇಡ.

ಅಳತೆ ವಿಷಯಕ್ಕೆ ಬರೋಣ. ಪ್ಲೇಟು 5ಕ್ಕೆ 7, ಹಾಗಾಗಿ ಚಿತ್ರ ಬಟ್ಟೆ ಮೇಲೆ 7 ಇಂಚು ಎತ್ತರ 9.8 ಇಂಚು ಅಗಲ ಅಂತ ಇಟ್ಕೊಂಡೆ, ಅದೇ ಪ್ರಮಾಣ. ಸಾಮಾನ್ಯವಾಗಿ ಪೌಚ್ ಮೇಲೆ ಚಿತ್ರ ಹಾಕೋರು ಏನ್ ಮಾಡ್ತಾರೆ ಅಂದ್ರೆ ಚಿತ್ರನ ಹೊಲಿಗೆ ಒಳಗಡೆಗೂ ಹೋಗೋ ಥರ ದೊಡ್ಡದಾಗಿ ಪ್ರಿಂಟ್ ಮಾಡಿಸ್ತಾರೆ, ಅಂಚು ಅರ್ಧ ಇಂಚು ಹೊಲಿಗೆಗೆ ಹೋದ್ರೂ ಪರವಾಗಿಲ್ಲ ಅಂತ. ಹೂವಿನ ಚಿತ್ರಕ್ಕೆ ಅದು ಸರಿ. ಇದಕ್ಕೆ ಆಗಲ್ಲ, ಕೆಳಗಡೆ ಅರ್ಧ ಇಂಚು ಹೋದ್ರೆ ಹಳಿ ಶುರುವಾಗೋ ಜಾಗನೇ ಹೋಯ್ತು. ಅದಕ್ಕೆ ಚಿತ್ರದ ಸುತ್ತ ಕಾಲು ಇಂಚು ಖಾಲಿ ಅಂಚು ಕಾಣೋ ಹಾಗೆ ಬಿಟ್ಟೆ, ಹಳೇ ಕಾಲದ ಫೋಟೋಗಳಿಗೆ ಬಿಳಿ ಬಾರ್ಡರ್ ಇರ್ತಿತ್ತಲ್ಲ ಹಾಗೆ, ಅದ್ರಾಚೆ ಹೊಲಿಗೆಗೆ ಅರ್ಧ ಇಂಚು. ತಳದಲ್ಲಿ ಮೂಲೆ ಮಡಿಸಿ ಡಬ್ಬಿ ಥರ ನಿಲ್ಲೋ ಪೌಚ್ ಮಾಡ್ತಾರಲ್ಲ, ಅದೂ ಬೇಡ ಅಂದ್ಕೊಂಡೆ, ಮಡಿಸಿದ್ರೆ ಬೆಂಚು ಹಳಿ ಎಲ್ಲಾ ತಳಕ್ಕೆ ಹೋಗ್ಬಿಡುತ್ತೆ, ಮೇಲೆ ಬರೀ ಆಕಾಶ ಕಾಣುತ್ತೆ. ಚಪ್ಪಟೆ ಪೌಚೇ ಇದಕ್ಕೆ ಸರಿ. ಫೋಟೋದ ಮೇಲ್ಭಾಗ ಖಾಲಿ ಆಕಾಶ ಆಗಿರೋದ್ರಿಂದ ಜಿಪ್ ಅಲ್ಲಿ ಬಂದ್ರೆ ಯಾವುದಕ್ಕೂ ಅಡ್ಡ ಬರಲ್ಲ.

ಪ್ರಿಂಟಿಂಗಿಗೆ ಮೂರು ದಾರಿ ಇದೆ. ಇಸ್ತ್ರಿ ಮಾಡಿ ಅಂಟಿಸೋ ಟ್ರಾನ್ಸ್‌ಫರ್ ಪೇಪರ್, ಇದು ಮನೇಲೇ ಆಗುತ್ತೆ, ಆದ್ರೆ ಬಟ್ಟೆ ಮೇಲೆ ಒಂದು ಪ್ಲಾಸ್ಟಿಕ್ ಪೊರೆ ಕೂತ ಹಾಗೆ ಇರುತ್ತೆ, ಸ್ವಲ್ಪ ದಿನಕ್ಕೆ ಬಿರುಕು ಬಿಡುತ್ತೆ. ಸಬ್ಲಿಮೇಷನ್ ಅಂತ ಇನ್ನೊಂದು, ಬಿಸಿಗೆ ಬಣ್ಣ ಆವಿಯಾಗಿ ಬಟ್ಟೆಗೆ ಇಳಿಯೋದು, ಅದು ಪಾಲಿಯೆಸ್ಟರ್ ಮೇಲೆ ಮಾತ್ರ ಹಿಡಿಯೋದು, ಹತ್ತಿ ಮೇಲೆ ನಿಲ್ಲಲ್ಲ. ನಂಗೆ ಹತ್ತಿನೇ ಬೇಕಾಗಿತ್ತು, ಹತ್ತಿ ರೆಕ್ಕೆ ಫೋಟೋನ ಪಾಲಿಯೆಸ್ಟರ್ ಮೇಲೆ ಹಾಕೋದಾ? ಹಾಗಾಗಿ ಉಳಿದಿದ್ದು ಡಿಜಿಟಲ್ ಪ್ರಿಂಟ್. ಅದ್ರಲ್ಲಿ ರಿಯಾಕ್ಟಿವ್ ಇಂಕ್ ಅಂದ್ರೆ ನೂಲಿನ ಒಳಗೇ ಬಣ್ಣ ಕೂರುತ್ತೆ ಆದ್ರೆ ಮೊದಲು ಬಟ್ಟೆಗೆ ಸೋಡಾ ಲೇಪ ಕೊಟ್ಟು ಆಮೇಲೆ ಹಬೆ ಕೊಟ್ಟು ತೊಳೆದು, ಅದೆಲ್ಲಾ ದೊಡ್ಡ ಆರ್ಡರ್ ಇದ್ರೆ ಮಾಡ್ತಾರೆ, ಒಂದು ತುಂಡಿಗೆ ಪಿಗ್ಮೆಂಟ್ ಇಂಕ್ ಸಾಕು, ಪ್ರಿಂಟ್ ಮಾಡಿ ಬಿಸಿ ಕೊಟ್ರೆ ಮುಗೀತು.

ಬಟ್ಟೆ ನಾನೇ ತಗೊಂಡು ಹೋಗಿದ್ದೆ, ಸ್ವಲ್ಪ ದಪ್ಪ ನೇಯ್ಗೆಯ ಕೋರಾ ಕಾಟನ್. ಮೊದಲೇ ಬಿಸಿನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ ಇಟ್ಕೊಂಡಿದ್ದೆ, ಕೋರಾದಲ್ಲಿ ಗಂಜಿ ಇರುತ್ತೆ ಮತ್ತೆ ಮೊದಲ ಒಗೆತಕ್ಕೆ ಕುಗ್ಗುತ್ತೆ, ಪ್ರಿಂಟ್ ಆದ್ಮೇಲೆ ಕುಗ್ಗಿದ್ರೆ ವಿಮಾನನೂ ಕುಗ್ಗುತ್ತೆ.

ಇನ್ನು ಪ್ರಿಂಟ್ ಅಂಗಡಿ. ಬೆಂಗಳೂರಲ್ಲಿ ಬಟ್ಟೆ ಮೇಲೆ ಒಂದೇ ತುಂಡು ಹಾಕಿಕೊಡೋರು ಸಿಗೋದು ಸ್ವಲ್ಪ ಕಷ್ಟ, ಸಿಕ್ರು. ಪೆನ್‌ಡ್ರೈವಲ್ಲಿ ಫೈಲ್ ಕೊಟ್ಟೆ, ಅಳತೆ ಬರೆದು ಕೊಟ್ಟೆ, ವಾಪಸ್ ಹೋಗಿ ನೋಡಿದ್ರೆ ತುಂಬಾ ಕ್ಲೀನಾಗಿ ಬಂದಿತ್ತು. ಅನುಮಾನ ಬರೋಷ್ಟು ಕ್ಲೀನ್. ಹತ್ರ ಹಿಡಿದು ನೋಡ್ತೀನಿ, ಎರಡು ರೆಕ್ಕೆಗಳ ಮಧ್ಯ ಓರೆಯಾಗಿ ಎಳೆದಿರೋ ತಂತಿಗಳೇ ಇಲ್ಲ! ಮರದ ಕಂಬ ಕಂಬ ಮಾತ್ರ ನಿಂತಿದೆ. ಮರಳಲ್ಲಿ ಹೆಜ್ಜೆ ಗುರುತಿಲ್ಲ, ನುಣ್ಣಗೆ ಸಿಮೆಂಟ್ ಹಾಕಿದ ಹಾಗಿದೆ. ಬೆಂಚು ಏನೋ ಒಂದು ಕಲ್ಲಿನ ಥರ ಆಗಿದೆ. ಕೇಳಿದ್ರೆ ಅಲ್ಲಿ ಕೂತಿದ್ದ ಹುಡುಗ ತುಂಬಾ ಮುತುವರ್ಜಿಯಿಂದನೇ ಹೇಳ್ದ, ಫೋಟೋ ತುಂಬಾ ಹಳೇದು ಮೇಡಂ ಗೆರೆ ಗೆರೆ ಇತ್ತು, ಅದಕ್ಕೆ ಎಐ ಸಾಫ್ಟ್‌ವೇರಲ್ಲಿ ಹಾಕಿ ಎನ್‌ಹಾನ್ಸ್ ಮಾಡಿದೀನಿ ಎಕ್ಸ್‌ಟ್ರಾ ಚಾರ್ಜ್ ಇಲ್ಲ ಅಂತ. ಒಳ್ಳೇ ಮನಸ್ಸಿಂದ ಮಾಡಿದಾನೆ, ಬೈಯಕ್ಕಾಗಲ್ಲ. ಆದ್ರೆ ಆ ಗೆರೆಗಳೇ ತಂತಿ. ಆ ತಂತಿ ಇರೋದಕ್ಕೇ ಎರಡು ರೆಕ್ಕೆ ಒಂದಕ್ಕೊಂದು ಬಿಗಿಯಾಗಿ ನಿಂತಿರೋದು, ಪೈಲಟ್ ಮಲಗಿರೋ ತೊಟ್ಟಿಲನ್ನ ಸೊಂಟದಲ್ಲಿ ಆ ಕಡೆ ಈ ಕಡೆ ತಳ್ಳಿದ್ರೆ ತಂತಿ ಎಳೆದು ರೆಕ್ಕೆ ತುದಿ ತಿರುಚ್ಕೊಳ್ಳುತ್ತೆ, ಹಾಗೆ ವಿಮಾನನ ವಾಲದ ಹಾಗೆ ಹಿಡ್ಕೊಳ್ತಿದ್ದಿದ್ದು, ರೈಟ್ ಸಹೋದರರು ಕಂಡುಹಿಡಿದಿದ್ರಲ್ಲಿ ದೊಡ್ಡದೇ ಅದು. ತಂತಿ ಅಳಿಸಿದ್ರೆ ಉಳಿಯೋದು ಹಾರಕ್ಕಾಗ್ದೇ ಇರೋ ವಿಮಾನ. ಏರೋನಾಟಿಕಲ್ ಓದ್ತಿರೋ ಹುಡುಗಿಗೆ ಅದನ್ನ ಹೇಗೆ ಕೊಡೋದು?

ಹುಡುಗನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒರಿಜಿನಲ್ ಫೈಲ್ ಝೂಮ್ ಮಾಡಿ ತೋರಿಸ್ದೆ, ಇದು ತಂತಿ, ಇದು ಹಳಿ, ಇವನು ಅಣ್ಣ, ಮಲಗಿರೋನು ತಮ್ಮ ಅಂತ. ಅವನಿಗೆ ಅದು ಅಷ್ಟು ದೊಡ್ಡ ಫೋಟೋ ಅಂತಾನೇ ಗೊತ್ತಿರ್ಲಿಲ್ಲ, ಆಮೇಲೆ ಅವನೇ ಆಸೆಪಟ್ಟು ಕೂತ್ಕೊಂಡ. ಮೊದಲನೇ ಪ್ರಿಂಟಲ್ಲಿ ಇನ್ನೊಂದು ತೊಂದರೆನೂ ಇತ್ತು, ಬೂದು ಬಣ್ಣ ಸ್ವಲ್ಪ ಹಸಿರಿಗೆ ತಿರುಗಿತ್ತು. ಕಪ್ಪುಬಿಳುಪು ಫೋಟೋನ ಕಲರ್ ಇಂಕ್‌ಗಳು ಸೇರಿಸಿ ಪ್ರಿಂಟ್ ಮಾಡಿದ್ರೆ ಹೀಗೇ ಆಗೋದು, ಯಾವ ಇಂಕ್ ಒಂಚೂರು ಜಾಸ್ತಿ ಬಿದ್ರೂ ಆ ಕಡೆ ಛಾಯೆ ಎದ್ದು ಕಾಣುತ್ತೆ. ಅದಕ್ಕೆ ಕಪ್ಪು ಇಂಕ್ ಒಂದ್ರಲ್ಲೇ ಹಾಕಕ್ಕೆ ಹೇಳ್ದೆ. ಬಟ್ಟೆ ಇಂಕ್ ಹೀರ್ಕೊಂಡು ಚುಕ್ಕಿ ಹರಡೋದ್ರಿಂದ ಸ್ಕ್ರೀನಲ್ಲಿ ಕಾಣೋದಕ್ಕಿಂತ ಯಾವಾಗ್ಲೂ ಗಾಢ ಬರುತ್ತೆ, ಅದಕ್ಕೆ ಮಧ್ಯದ ಬೂದು ಭಾಗನ ಮೊದಲೇ ತಿಳಿ ಮಾಡ್ಬೇಕು. ಒಂದು ಸಣ್ಣ ಪಟ್ಟಿ ಮೇಲೆ ತಿಳಿ, ಇನ್ನೂ ತಿಳಿ, ತೀರಾ ತಿಳಿ ಅಂತ ಟೆಸ್ಟ್ ಹಾಕಿಸಿ, ಯಾವುದ್ರಲ್ಲಿ ವಿಲ್ಬರ್‌ನ ಕಪ್ಪು ಕೋಟು ಮತ್ತೆ ತಂತಿ ಎರಡೂ ಕಾಣುತ್ತೋ ಅದನ್ನ ಆರಿಸ್ಕೊಂಡೆ. ಬಂತು ನೋಡಿ ಆಗ! ಕೋರಾದ ಕೆನೆ ಬಣ್ಣ ಆಕಾಶದಲ್ಲಿ ಹಂಗೇ ಉಳೀತು, ನೂಲಿನ ಗಂಟುಗಳು ಅಲ್ಲಲ್ಲಿ ಮರಳಿನ ಜೊತೆ ಬೆರೆತ್ವು, ಕೂದಲೆಳೆಯಷ್ಟು ಸಣ್ಣ ತಂತಿ ಹೆಚ್ಚುಕಮ್ಮಿ ಎಲ್ಲಾ ಇತ್ತು.

ಉಳಿದ ಸಾಮಾನಿಗೆ ಚಿಕ್ಕಪೇಟೆ. ಹಿಂಭಾಗಕ್ಕೆ ಬೂದು ಬಣ್ಣದ ದಪ್ಪ ಕಾಟನ್, ಒಳಗಿನ ಲೈನಿಂಗಿಗೆ ಮೆತ್ತಗಿರೋ ಬಿಳಿ ಕಾಟನ್, 5ನೇ ನಂಬರ್ ನೈಲಾನ್ ಜಿಪ್ ಮೀಟರ್ ಲೆಕ್ಕದಲ್ಲಿ, ಹಿಡಿದು ಎಳೆಯೋ ರನ್ನರ್ ಬೇರೆ. ರೆಡಿ ಜಿಪ್‌ಗಿಂತ ಮೀಟರ್ ಜಿಪ್ ಒಳ್ಳೇದು, ಬೇಕಾದಷ್ಟು ಕತ್ತರಿಸ್ಕೋಬಹುದು, ರನ್ನರ್ ಕೆಟ್ರೆ ಬದಲಾಯಿಸ್ಬಹುದು. ಹಿತ್ತಾಳೆ ಬಣ್ಣದ ರನ್ನರ್ ತಗೊಂಡೆ. ಅಂದಹಾಗೆ ಈ ಫೋಟೋ ತೆಗೆದಾಗ ಈಗಿನ ಥರದ ಜಿಪ್ಪೇ ಇರ್ಲಿಲ್ಲ, 1893ರಲ್ಲಿ ವಿಟ್‌ಕಾಂಬ್ ಜಡ್ಸನ್ ಅನ್ನೋರು ಕೊಕ್ಕೆ ಕೊಕ್ಕೆ ಇರೋದೊಂದು ಮಾಡಿದ್ರು ಅದು ಪದೇ ಪದೇ ಬಿಚ್ಕೊಳ್ತಿತ್ತು, ಹಲ್ಲು ಹಲ್ಲು ಕೂಡ್ಕೊಳೋ ಜಿಪ್ಪನ್ನ ಗಿಡಿಯನ್ ಸುಂಡ್‌ಬ್ಯಾಕ್ ಮಾಡಿದ್ದು 1913ರಲ್ಲಿ. ಆ ಪ್ಲೇಟು ಪ್ರವಾಹದಲ್ಲಿ ನೆಂದ ವರ್ಷನೇ.

ಈಗ ಹೊಲಿಗೆ. ಇದ್ರಲ್ಲಿ ನಂಗೆ ತುಂಬಾ ಖುಷಿ ಕೊಟ್ಟಿದ್ದು ಒಳಗಿನ ಪದರ. ಚಿತ್ರದ ಬಟ್ಟೆ ಹಿಂದೆ ಗಟ್ಟಿತನಕ್ಕೆ ಸಾಮಾನ್ಯವಾಗಿ ಇಸ್ತ್ರಿ ಬಿಸಿಗೆ ಅಂಟೋ ಫ್ಯೂಸಿಂಗ್ ಪದರ ಹಾಕ್ತೀವಿ. ನಾನು ಅದ್ರ ಬದಲು ಅದೇ ಕೋರಾ ಬಟ್ಟೇನ ಕ್ರಾಸಲ್ಲಿ, ಅಂದ್ರೆ ಎಳೆಗೆ ಓರೆಯಾಗಿ, ಕತ್ತರಿಸಿ ಹಾಕ್ದೆ. ಯಾಕಂದ್ರೆ ರೈಟ್ ಸಹೋದರರು ರೆಕ್ಕೆ ಬಟ್ಟೇನ ಹಾಗೇ ಹಾಕಿದ್ರು, ನೂಲಿನ ಎಳೆ ಮರದ ಪಟ್ಟಿಗಳಿಗೆ 45 ಡಿಗ್ರಿ ಓರೆಯಾಗಿ ಬರೋ ಹಾಗೆ. ಬ್ಲೌಸ್ ಹೊಲಿಯೋರಿಗೆಲ್ಲಾ ಕ್ರಾಸ್ ಕಟಿಂಗ್ ಗೊತ್ತು, ಮೈಗೆ ಹಿಡ್ಕೊಳ್ಲಿ ಅಂತ ಹಾಕ್ತೀವಿ, ಅಂದ್ರೆ ಬಟ್ಟೆ ಹಿಗ್ಗಲಿ ಅಂತ. ಹಾಗಿದ್ರೆ ರೆಕ್ಕೆಗೆ ಯಾಕೆ ಹಿಗ್ಗೋ ಬಟ್ಟೆ? ಇದನ್ನ ಕೈಯಲ್ಲಿ ಹಿಡಿದು ನೋಡಿದ್ಮೇಲೆನೇ ನಂಗೆ ಪೂರ್ತಿ ಅರ್ಥ ಆಗಿದ್ದು. ಒಂದು ಹಳೇ ಫೋಟೋ ಫ್ರೇಮ್ ತಗೊಂಡು, ಮೊಳೆ ಸಡಿಲ ಆಗಿರೋದು, ಅದಕ್ಕೆ ಬಟ್ಟೆ ನೇರ ಎಳೆಯಲ್ಲಿ ಬಿಗಿದು ಮೂಲೆ ಹಿಡ್ಕೊಂಡು ತಳ್ಳಿದ್ರೆ ಫ್ರೇಮ್ ಓರೆ ಆಗ್ಬಿಡುತ್ತೆ, ನೂಲುಗಳು ಅದ್ರ ಜೊತೇಲೇ ವಾಲಿಕೊಳ್ತವೆ ತಡೆಯಲ್ಲ. ಅದೇ ಬಟ್ಟೇನ ಕ್ರಾಸಲ್ಲಿ ಬಿಗಿದ್ರೆ ನೂಲುಗಳು ಮೂಲೆಯಿಂದ ಮೂಲೆ ಕಡೆಗೆ ಓಡ್ತವೆ, ಫ್ರೇಮ್ ಓರೆ ಆಗ್ಬೇಕು ಅಂದ್ರೆ ಆ ನೂಲೇ ಉದ್ದ ಆಗ್ಬೇಕು, ನೂಲು ಉದ್ದ ಆಗಲ್ಲ, ಹಾಗಾಗಿ ಫ್ರೇಮ್ ಗಟ್ಟಿ ನಿಲ್ಲುತ್ತೆ. ಬಟ್ಟೆನೇ ತಂತಿ ಕೆಲಸ ಮಾಡುತ್ತೆ! ಒಂದು ಗ್ರಾಂ ತೂಕ ಜಾಸ್ತಿ ಆಗದೇ ರೆಕ್ಕೆಗೆ ಬಿಗಿ ಬಂತು. ಕೇವಲ 12 ಹಾರ್ಸ್‌ಪವರ್ ಎಂಜಿನ್, ವಿಮಾನದ ತೂಕ 605 ಪೌಂಡು, ಅಲ್ಲಿ ಒಂದೊಂದು ಗ್ರಾಮಿಗೂ ಲೆಕ್ಕ ಇತ್ತು.

ಪೌಚಿಗೂ ಅದೇ ಉಪಯೋಗ ಆಯ್ತು. ಮುಂದಿನ ಚಿತ್ರದ ಬಟ್ಟೆ ನೇರ ಎಳೆ, ಹಿಂದೆ ಕ್ರಾಸ್ ಪದರ, ಎರಡೂ ಸೇರಿ ಯಾವ ಕಡೆ ಎಳೆದ್ರೂ ಚಿತ್ರ ವಾಲಲ್ಲ. ಆದ್ರೆ ಕ್ರಾಸ್ ತುಂಡು ಮೇಜಿನ ಮೇಲೆ ತನ್ನಷ್ಟಕ್ಕೆ ಹಿಗ್ಗುತ್ತೆ, ಅದನ್ನ ಎಳೀಬಾರ್ದು, ಚಿತ್ರದ ಬಟ್ಟೆ ಕೆಳಗೆ ಹರವಿ ಮಧ್ಯದಿಂದ ಅಂಚಿನ ಕಡೆಗೆ ಕೈಯಲ್ಲಿ ಸವರ್ತಾ ಕಚ್ಚಾ ಹೊಲಿಗೆ ಹಾಕ್ಕೊಂಡು ಬರ್ಬೇಕು, ಸುತ್ತ ಒಂದು ಸಲ, ಅಡ್ಡ ಒಂದು ಸಲ. ಆಮೇಲೆನೇ ಅಂಚು ಸಮ ಕತ್ತರಿಸ್ಬೇಕು.

ಹಿಂಭಾಗದ ಬೂದು ತುಂಡಿನ ಮೇಲೆ ಕೈಹೊಲಿಗೆ ಮಾಡ್ದೆ, ಇದು ನಂದೇ ಐಡಿಯಾ. ಇಟ್ಟಿಗೆ ಕೆಂಪು ದಾರದಲ್ಲಿ, ಹಾರಿದ ಒಂದೊಂದು ಸೆಕೆಂಡಿಗೆ ಒಂದು ಹೊಲಿಗೆ ಅಂತ ಮೇಲೆ 12 ಹೊಲಿಗೆಯ ಒಂದು ಸಾಲು. ಅದೇ ದಿನ ಅವ್ರು ನಾಲ್ಕು ಸಲ ಹಾರಿದ್ರು, ಸರದಿ ಪ್ರಕಾರ ಒಬ್ಬೊಬ್ರಾಗಿ, ಕೊನೇದು ವಿಲ್ಬರ್, 59 ಸೆಕೆಂಡು 852 ಅಡಿ. ಅದಕ್ಕೆ ಕೆಳಗೆ 59 ಹೊಲಿಗೆಯ ಇನ್ನೊಂದು ಸಾಲು. ಹೊಲಿಗೆ ಒಂದೊಂದೂ ಒಂದೇ ಅಳತೆ, ಗ್ಯಾಪ್ ಸೇರಿ ಇಂಚಿಗೆ ಆರು, ಹಾಗಾಗಿ ಮೇಲಿನ ಸಾಲು ಎರಡು ಇಂಚಿಗೆ ನಿಂತು ಹೋಗುತ್ತೆ, ಕೆಳಗಿನದ್ದು ಪೌಚಿನ ಆ ತುದಿಯಿಂದ ಈ ತುದಿವರೆಗೆ ಹೋಗುತ್ತೆ. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಎಷ್ಟು ಮುಂದೆ ಹೋದ್ರು ಅಂತ ಕಣ್ಣಿಗೆ ಕಾಣ್ಲಿ ಅಂತ. ನಾಲ್ಕನೇ ಹಾರಾಟ ಆದ್ಮೇಲೆ ನಿಂತಿದ್ದ ವಿಮಾನನ ಗಾಳಿ ಎತ್ತಿ ಉರುಳಿಸ್ತು, ಹಿಡ್ಕೊಳಕ್ಕೆ ಹೋದ ಫೋಟೋ ತೆಗೆದ ಡ್ಯಾನಿಯಲ್ಸೇ ಅದ್ರ ಜೊತೆ ಉರುಳಿ ಮೈಯೆಲ್ಲಾ ತರಚಿಕೊಂಡ್ರು, ಆ ವಿಮಾನ ಮತ್ತೆ ಯಾವತ್ತೂ ಹಾರ್ಲಿಲ್ಲ. ಒಂದೇ ಒಂದು ಬೆಳಗ್ಗೆ ಅದ್ರ ಆಯಸ್ಸು.

ಜಿಪ್ ಹಾಕೋದು ಗೊತ್ತಿರೋರಿಗೆ ಹೇಳೋದೇನಿಲ್ಲ, ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಜಿಪ್ಪಿನ ಎರಡೂ ತುದಿಗೆ ಬಟ್ಟೆ ಪಟ್ಟಿ ಮಡಿಸಿ ಹೊಲಿದು ಮುಚ್ಚಿ, ಜಿಪ್ಪು ಪೌಚ್ ಅಗಲಕ್ಕಿಂತ ಒಂದು ಇಂಚು ಕಮ್ಮಿ ಇರ್ಲಿ, ಆಗ ಪಕ್ಕದ ಹೊಲಿಗೆ ಹಾಕೋವಾಗ ಸೂಜಿ ನೈಲಾನ್ ಹಲ್ಲಿನ ಮೇಲೆ ಬರಲ್ಲ ಮೂಲೆನೂ ಚೌಕವಾಗಿ ಬರುತ್ತೆ. ಆಮೇಲೆ ಚಿತ್ರದ ಬಟ್ಟೆ ಮುಖ ಮೇಲೆ, ಅದ್ರ ಮೇಲೆ ಜಿಪ್ ಮುಖ ಕೆಳಗೆ, ಅದ್ರ ಮೇಲೆ ಲೈನಿಂಗ್ ಮುಖ ಕೆಳಗೆ, ಮೂರನ್ನೂ ಸೇರಿಸಿ, ಮೆಷಿನ್ನಿಗೆ ಜಿಪ್ ಹೊಲಿಯೋ ಫುಟ್ ಹಾಕಿ, ಒಂದು ಹೊಲಿಗೆ. ರನ್ನರ್ ಹತ್ರ ಬಂದಾಗ ಸೂಜಿನ ಬಟ್ಟೆ ಒಳಗೇ ಬಿಟ್ಟು ಫುಟ್ ಎತ್ತಿ ರನ್ನರನ್ನ ಹಿಂದಕ್ಕೆ ಸರಿಸಿ ಮತ್ತೆ ಶುರು ಮಾಡ್ಬೇಕು, ಇಲ್ದಿದ್ರೆ ಅಲ್ಲಿ ಹೊಲಿಗೆ ಸೊಟ್ಟ ಹೋಗುತ್ತೆ. ನಂದು ಉಷಾ ಮೆಷಿನ್, ಕಾಲಲ್ಲಿ ತುಳಿಯೋದು, 16ನೇ ನಂಬರ್ ಸೂಜಿ ಹಾಕಿದ್ದೆ. ಇಷ್ಟು ಪದರಕ್ಕೆ ತುಳಿಯೋ ಮೆಷಿನ್ನೇ ವಾಸಿ, ದಪ್ಪ ಬಂದಾಗ ಕೈಯಲ್ಲಿ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸ್ಬಹುದು.

ಹಿಂಭಾಗಕ್ಕೂ ಹಾಗೇ ಮಾಡಿ, ಬಟ್ಟೆ ಹಿಂದಕ್ಕೆ ಮಡಿಸಿ ಇಸ್ತ್ರಿ ಒತ್ತಿ, ಜಿಪ್ ಪಕ್ಕದಲ್ಲೇ ಮೇಲಿಂದ ಒಂದು ಅಂಚು ಹೊಲಿಗೆ. ಈ ಅಂಚು ಹೊಲಿಗೆ ಬಿಡ್ಬೇಡಿ, ಇಲ್ದಿದ್ರೆ ಲೈನಿಂಗ್ ಜಿಪ್ಪಿಗೆ ಸಿಕ್ಕಾಕೊಳ್ಳುತ್ತೆ. ಪ್ರಿಂಟ್ ಮೇಲೆ ನೇರ ಇಸ್ತ್ರಿ ಇಡ್ಬಾರ್ದು, ಮೇಲೊಂದು ಬಿಳಿ ಬಟ್ಟೆ ಹಾಕ್ಕೊಂಡು ಒತ್ತಿ. ಆಮೇಲೆ ಜಿಪ್ಪನ್ನ ಅರ್ಧ ತೆಗೆದಿಟ್ಟು, ಹೊರಗಿನ ಬಟ್ಟೆ ಎರಡೂ ಎದುರುಬದುರು, ಲೈನಿಂಗ್ ಎರಡೂ ಎದುರುಬದುರು, ಸುತ್ತ ಹೊಲಿಗೆ, ಲೈನಿಂಗ್ ತಳದಲ್ಲಿ ಕೈ ಹೋಗೋಷ್ಟು ಜಾಗ ಬಿಟ್ಟು. ಫೋಟೋದ ಅಂಚಿಂದ ಕಾಲು ಇಂಚು ದೂರ ಎಲ್ಲಾ ಕಡೆ ಒಂದೇ ಸಮ ಇರ್ಬೇಕಾಗಿದ್ರಿಂದ ನಾನು ಹಿಂದಿನ ಪದರದ ಮೇಲೆ ಪೆನ್ಸಿಲ್ ಗೆರೆ ಎಳ್ಕೊಂಡು ಆ ಗೆರೆ ಮೇಲೇ ನಿಧಾನಕ್ಕೆ ಹೊಲಿದೆ, ಆಗ್ಲೇ ಹೇಳಿದ್ನಲ್ಲ ಕ್ರಾಸ್ ಪದರ, ಅದು ಇಲ್ಲಿ ಕಾಪಾಡ್ತು, ಹೊಲಿಯೋವಾಗ ಚಿತ್ರ ಒಂದು ನೂಲೂ ಜರುಗ್ಲಿಲ್ಲ.

ಮೂಲೆ ಕತ್ತರಿಸಿ ಒಳಗಿಂದ ಹೊರಗೆ ತಿರುವಿ, ಮೂಲೆಗಳನ್ನ ಚಾಪ್‌ಸ್ಟಿಕ್ ತುದಿಯಲ್ಲಿ ಮೆತ್ತಗೆ ತಳ್ಳಿ ಚೂಪು ಮಾಡಿ, ಲೈನಿಂಗಿನ ತೂತು ಹೊಲಿದು ಮುಚ್ಚಿ, ಎದುರಿಗಿಟ್ಕೊಂಡು ನೋಡಿದ್ರೆ ಆಕಾಶದ ಮೇಲಂಚಲ್ಲಿ ಜಿಪ್ಪು, ಕೆಳಗೆ ವಿಮಾನ, ವಿಲ್ಬರ್ ಓಡ್ತಾ ಇದಾನೆ. ಬಟ್ಟೆಗೆ ಸ್ವಲ್ಪ ಉಬ್ಬು ಬಂದಾಗ ರೆಕ್ಕೆಗೂ ಸ್ವಲ್ಪ ಬಾಗು ಬರುತ್ತೆ, ನಿಜವಾದ ರೆಕ್ಕೆಲೂ ಮೇಲ್ಮುಖವಾಗಿ ಬಾಗು ಇತ್ತು, ಅದು ನಂಗೆ ತುಂಬಾ ಇಷ್ಟ ಆಯ್ತು.

ಕೊಟ್ಟಾಗ ಅವಳು ಮೊದಲು ನೋಡಿದ್ದೇ ಹಿಂದಿನ ಎರಡು ಸಾಲು ಹೊಲಿಗೆ, ಎಣಿಸಿ, 12 ಅಂದ ತಕ್ಷಣ ಅವಳಿಗೆ ಗೊತ್ತಾಯ್ತು. ಆಮೇಲೆ ಕ್ರಾಸ್ ಪದರದ ವಿಷಯ ಹೇಳಿದ್ರೆ ಚೌಕನ ಓರೆ ಮಾಡೋ ಬಲ ಇದ್ಯಲ್ಲ, ಇದೇ ಶಿಯರ್ ಕಣೇ ಅತ್ತೆ ಅಂತ ನೋಟ್‌ಬುಕ್ ತಂದು ಚೌಕ ಬರೆದು ಬಾಣದ ಗುರುತು ಹಾಕಿ ನಂಗೇ ಪಾಠ ಮಾಡಿದ್ಲು, ನಾನು ಕೈಯಲ್ಲಿ ತಿಳ್ಕೊಂಡಿದ್ದು ಅವಳು ಲೆಕ್ಕದಲ್ಲಿ ತಿಳ್ಕೊಂಡಿದಾಳೆ. ಅವಳು ಹೇಳಿದ್ದು ಇನ್ನೊಂದು, 1969ರಲ್ಲಿ ಚಂದ್ರನ ಮೇಲೆ ಇಳಿದಾಗ ನೀಲ್ ಆರ್ಮ್‌ಸ್ಟ್ರಾಂಗ್ ಈ ವಿಮಾನದ ರೆಕ್ಕೆ ಬಟ್ಟೆಯ ಒಂದು ತುಂಡು, ಪ್ರೊಪೆಲ್ಲರಿನ ಮರದ ಚೂರು ತಗೊಂಡು ಹೋಗಿದ್ರಂತೆ. 2021 ಏಪ್ರಿಲ್ 19ಕ್ಕೆ ಮಂಗಳ ಗ್ರಹದಲ್ಲಿ ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರ್ರಿನ ಸೋಲಾರ್ ಪ್ಯಾನೆಲ್ ಕೆಳಗೂ ಅದೇ ಬಟ್ಟೆಯ ಪುಟ್ಟ ಚೂರು ಕಟ್ಟಿ ಕಳಿಸಿದಾರಂತೆ. ಅಂಗಡೀಲಿ ಗಜದ ಲೆಕ್ಕದಲ್ಲಿ ಕೊಂಡ ಹತ್ತಿ ಬಟ್ಟೆ ಮಂಗಳ ಗ್ರಹದಲ್ಲಿದೆ ಈಗ.

ಮಾಡೋರಿಗೆ ಒಂದು ಮಾತು, ಒಗೆಯೋವಾಗ ಪೌಚನ್ನ ಒಳಗು ಹೊರಗು ಮಾಡಿ ತಣ್ಣೀರಲ್ಲಿ ಕೈಯಲ್ಲೇ ಒಗೀರಿ, ಬ್ರಷ್ ಹಾಕ್ಬೇಡಿ, ಪಿಗ್ಮೆಂಟ್ ಇಂಕ್ ಉಜ್ಜಿದ್ರೆ ಹೋಗುತ್ತೆ, ನೆರಳಲ್ಲಿ ಒಣಗಿಸಿ. ಮುಂದಿನದಕ್ಕೆ 1902 ಅಕ್ಟೋಬರಿನ ಗ್ಲೈಡರ್ ಫೋಟೋ ಇಳಿಸಿ ಇಟ್ಕೊಂಡಿದೀನಿ, ವಿಲ್ಬರ್ ಬಲಕ್ಕೆ ವಾಲಿಸಿ ತಿರುಗಿಸ್ತಾ ಇರೋದು. ಪ್ರಿಂಟ್ ಅಂಗಡಿ ಹುಡುಗ ಇದಕ್ಕೂ ನಾನೇ ಹಾಕಿಕೊಡ್ತೀನಿ, ತಂತಿ ಎಲ್ಲಾ ಹಂಗೇ ಉಳಿಸ್ತೀನಿ ಅಂದಿದಾನೆ.